'ನೀನು ನಾನು ನಡುವೆ' ಅಂತ ಯಾರಾದರೂ ಅನ್ನುತ್ತಾರಾ?

ಮಾನ್ಯರೇ,

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಹೋದ ವಾರ ಎಂಟನೇ ಕ್ಲಾಸಿನ ನನ್ನ ಮಗಳು ಶಾಲೆಯಿಂದ ನೇರ ಅಂಗಡಿಗೆ ಬಂದು ಇಂಗ್ಲಿಷ್ ಟೆಸ್ಟ್ ಪೇಪರನ್ನು ಟೇಬಲ್ ಮೇಲೆ ಇಟ್ಟಳು. ಬಿಟ್ಟ ಸ್ಥಳ ತುಂಬುವ ಪ್ರಶ್ನೆ: 'ದಿಸ್ ಈಸ್ ಎ ಸೀಕ್ರೆಟ್ ಬಿಟ್ವೀನ್ ಯು ಅಂಡ್...' ಅವಳು 'ಮಿ' ಅಂತ ತುಂಬಿದ್ದಳು. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಎರಡು ಸಲ ಗೀಚಿ, ಪಕ್ಕದಲ್ಲಿ ದೊಡ್ಡದಾಗಿ 'ಐ' ಅಂತ ಬರೆದಿದ್ದರು. ಸರಿ ಬರೆದಿದ್ದು ನನ್ನ ಮಗಳು. ಶಾಲೆಗೆ ಫೋನ್ ಮಾಡಿ ಮೇಷ್ಟ್ರನ್ನು ಕೇಳಿದೆ. "ಕೀ ಆನ್ಸರ್‌ನಾಗ ಹಂಗ ಐತ್ರಿ" ಅಂದರು, ಮುಗೀತು. ಒಂದು ಮಾರ್ಕ್ ಹೋದರೆ ಹೋಗಲಿ, ಆದರೆ ಅವತ್ತಿನಿಂದ ಈ ಹುಡುಗಿ 'ಮಿ' ಅಂತ ಬರೆಯೋ ಕಡೆಯೆಲ್ಲ ಪೆನ್ನು ಎತ್ತಿ ನನ್ನ ಮುಖ ನೋಡುತ್ತಾಳೆ.

ಈ ತಪ್ಪು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು, ಯಾಕಂದ್ರೆ ನಾನೂ ಅದೇ ದಾರಿಯಲ್ಲಿ ಬಂದವನು. ಚಿಕ್ಕವರಿದ್ದಾಗ 'ಮಿ ಅಂಡ್ ರವಿ ವೆಂಟ್ ಟು ಆನೆಗೊಂದಿ' ಅಂದರೆ ಮೇಷ್ಟ್ರು ಬೈಯುತ್ತಿದ್ದರು, 'ರವಿ ಅಂಡ್ ಐ' ಅನ್ನಬೇಕು ಅಂತ. ಅಲ್ಲಿ ಅದು ಸರಿಯೇ, ಹೋದವರು ನಾವು. ಆದರೆ ಕಾರಣ ಹೇಳಿರಲಿಲ್ಲವಾದ್ದರಿಂದ ಬೈಗುಳ ಮಾತ್ರ ನೆನಪಿಗೆ ಉಳಿಯಿತು: 'ಅಂಡ್' ಬಂತು ಅಂದರೆ ಕಣ್ಣು ಮುಚ್ಚಿ 'ಐ' ಹಾಕು. ಈಗ ಅಂಗಡಿಗೆ ಬರುವ ಅರ್ಜಿಗಳಲ್ಲಿ ದಿನಾ ಇದನ್ನೇ ನೋಡುತ್ತೇನೆ. 'ಪ್ಲೀಸ್ ಇನ್‌ಫಾರ್ಮ್ ಮೈ ಬ್ರದರ್ ಅಂಡ್ ಐ.' ಅಣ್ಣನನ್ನು ತೆಗೆದು ಓದಿ ನೋಡಿ, 'ಪ್ಲೀಸ್ ಇನ್‌ಫಾರ್ಮ್ ಐ' ಆಗುತ್ತದೆ. ಹಾಗೆ ಯಾರೂ ಅನ್ನುವುದಿಲ್ಲ ಅಲ್ವಾ? ಇನ್ನು ಕೆಲವರಿಗೆ 'ಐ' ಹಾಕಲೂ ಭಯ, 'ಮಿ' ಹಾಕಲೂ ಭಯ. ಅವರು ಸುಮ್ನೆ 'ಮೈಸೆಲ್ಫ್' ಅಂತ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಇದನ್ನೇ ಕನ್ನಡದಲ್ಲಿ ಕೇಳಿ. 'ಈ ಮಾತು ನಿನ್ನ ನನ್ನ ನಡುವೆ ಇರಲಿ' ಅನ್ನುತ್ತೇವೆ. 'ನೀನು ನಾನು ನಡುವೆ ಇರಲಿ' ಅಂತ ಈಗ ತಾನೇ ಮಾತು ಕಲಿತ ಕೂಸೂ ಅನ್ನುವುದಿಲ್ಲ. 'ಸರ್ ರವಿಗೂ ನನಗೂ ಪುಸ್ತಕ ಕೊಟ್ಟರು' ಅನ್ನುವಾಗ ಇಬ್ಬರಿಗೂ ಒಂದೊಂದು 'ಗೆ' ತಾನಾಗಿಯೇ ಅಂಟಿಕೊಳ್ಳುತ್ತದೆ. ಪ್ರಥಮಾ 'ಉ', ದ್ವಿತೀಯಾ 'ಅನ್ನು' ಅಂತ ಮಕ್ಕಳು ಕನ್ನಡ ಪೀರಿಯಡ್‌ನಲ್ಲಿ ರಾಗ ಹಾಕಿ ಬಾಯಿಪಾಠ ಮಾಡುತ್ತಾರೆ. ಕೇಶಿರಾಜ 13ನೇ ಶತಮಾನದಲ್ಲೇ ವಿಭಕ್ತಿಗಳನ್ನೆಲ್ಲ ಸೂತ್ರ ಕಟ್ಟಿ ಹೇಳಿದ್ದಾನೆ. ಅದೇ ಮಕ್ಕಳಿಗೆ ಗಂಟೆ ಹೊಡೆದ ಮೇಲೆ 'ಆಬ್ಜೆಕ್ಟಿವ್ ಕೇಸ್' (ಅದೇ, 'ಐ' ಹೋಗಿ 'ಮಿ' ಆಗುವ ರೂಪ) ಅಂದರೆ ಏನೋ ಹೊಸ ಭೂತ ಬಂದ ಹಾಗೆ ನೋಡುತ್ತಾರೆ, ಯಾಕಂದ್ರೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಎತ್ತುವಂತಿಲ್ಲ.

ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲೂ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಬರಬರುತ್ತಾ ಸವೆದು ಹೋಗಿ ಈಗ ಮುಖ್ಯವಾಗಿ ಉಳಿದಿರುವುದು 6 ಜೋಡಿ: ಐ-ಮಿ, ಹಿ-ಹಿಮ್, ಶಿ-ಹರ್, ವಿ-ಅಸ್, ದೇ-ದೆಮ್, ಹೂ-ಹೂಮ್. 'ಯು' ಎರಡೂ ಕಡೆ 'ಯು'. 'ಯು ಅಂಡ್' ಆದ ಮೇಲೆ ಮಕ್ಕಳು ಎಡವುವುದಕ್ಕೆ ಅದೂ ಒಂದು ಕಾರಣ ಇರಬೇಕು. 'ಹೂ' ಅಂದರೆ ಯಾರು, 'ಹೂಮ್' ಅಂದರೆ ಯಾರನ್ನು, ಯಾರಿಗೆ. ಹೀಗೆ ಹೇಳಿದ್ದಕ್ಕೆ ಮಗಳು "ಇಷ್ಟೇನಾ ಅಪ್ಪಾ?" ಅಂದಳು. 'ಹರ್' ಇನ್ನೂ ಮಜಾ. ನಮ್ಮ ಕಡೆ ಮಾತಾಡುವಾಗ 'ಅನ್ನು' ನುಂಗಿಬಿಡುತ್ತೇವೆ, 'ಅವಳ ನೋಡಿದೆ' ಅಂತೀವಿ, 'ಅವಳ ಪುಸ್ತಕ' ಅಂತಲೂ ಅಂತೀವಿ. ಎರಡಕ್ಕೂ ಒಂದೇ 'ಅವಳ'. ಇಂಗ್ಲಿಷಿನ 'ಹರ್' ಕೂಡ ಹಾಗೇ, ಎರಡೂ ಕಡೆ ದುಡಿಯುತ್ತದೆ.

ಹಾಗಂತ ಕನ್ನಡ ಎಲ್ಲ ಕಡೆ ಕೈ ಹಿಡಿಯುವುದಿಲ್ಲ, ಅದನ್ನೂ ಹೇಳಬೇಕು. 'ನನಗೆ ಹಸಿವಾಗಿದೆ', 'ನನಗೆ ಗೊತ್ತು', 'ನನಗೆ ಜ್ವರ ಬಂದಿದೆ'. ಇಲ್ಲೆಲ್ಲ 'ನನಗೆ' ಇದೆ ಅಂತ 'ಮಿ' ಹಾಕಿದರೆ ಕೆಟ್ಟಿತು. ಹಸಿವು, ಜ್ವರ ನಮಗೆ ಬಂದು ಸೇರುತ್ತವೆ, ಇಂಗ್ಲಿಷಿನಲ್ಲಿ ಮಾತ್ರ ಎಲ್ಲಕ್ಕೂ 'ಐ' ಯಜಮಾನ. ಬಾಗಿಲು ಬಡಿದಾಗ "ಯಾರದು?" ಅಂದರೆ ನಾವು "ನಾನು" ಅನ್ನುತ್ತೇವೆ, ಅವರು "ಇಟ್ಸ್ ಮಿ" ಅನ್ನುತ್ತಾರೆ. ವ್ಯಾಕರಣದವರು 'ಇಟ್ ಈಸ್ ಐ' ಅಂತ ಹಟ ಹಿಡಿದರೂ ಆಡುಮಾತಿನಲ್ಲಿ ಹಾಗೆ ಅನ್ನುವವರು ಅಪರೂಪ. ಇಂಥ ನಾಲ್ಕೈದು ಕಡೆ ಮೇಷ್ಟ್ರು ನಿಂತು ತೋರಿಸಬೇಕು. ಉಳಿದದ್ದು ಮಕ್ಕಳಿಗೆ ಮನೆಯಿಂದಲೇ ಬಂದಿರುತ್ತದೆ.

ಶೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿಯ ನಾಟಕದಲ್ಲೇ 'ಬಿಟ್ವೀನ್ ಯು ಅಂಡ್ ಐ' ಇದೆಯಲ್ಲ ಅಂತ ಯಾರಾದರೂ ವಾದಕ್ಕೆ ಬರಬಹುದು. ಹೌದು, ಇದೆ. ಅವನು ಬರೆದುಕೊಳ್ಳಲಿ ಬಿಡಿ, ಅವನೇನೂ ಬ್ಯಾಂಕ್ ಪರೀಕ್ಷೆಗೆ ಕೂರಬೇಕಿರಲಿಲ್ಲ. ನನ್ನ ಅಂಗಡಿಗೆ ಬಂದು ಅರ್ಜಿ ಹಾಕುವ ಹುಡುಗರು ಕೂರಬೇಕು, ಅಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಈ 'ಐ', 'ಮಿ' ಬಂದೇ ಬರುತ್ತವೆ.

ಶಾಲೆಯವರನ್ನು ಕೇಳಿ ಆಯಿತು, ಈಗ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಪತ್ರಿಕೆಯ ಸ್ಪರ್ಧಾತ್ಮಕ ಪರೀಕ್ಷೆ ಪುಟದಲ್ಲಿ ಒಂದು ನಾಲ್ಕು ವಾರ ಇಂಗ್ಲಿಷಿನ ಈ 6 ಜೋಡಿಗಳನ್ನು ನಮ್ಮ ವಿಭಕ್ತಿಗಳ ಪಕ್ಕದಲ್ಲಿಟ್ಟು ಪಾಠ ಹಾಕಿ. ಕತ್ತರಿಸಿ ಗೋಡೆಗೆ ಅಂಟಿಸುತ್ತೇನೆ, ಕೇಳಿದವರಿಗೆ ಜೆರಾಕ್ಸ್ ಪುಕ್ಕಟೆ. ಹಾಗೇ ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಸುದ್ದಿಗಳಲ್ಲೂ 'ಮತ್ತು' ಹಾಕುವ ಚಟ ಜಾಸ್ತಿಯಾಗಿ 'ತಾಯಿ ಮತ್ತು ಮಗುವಿಗೆ' ಅಂತ ಬರುತ್ತದೆ. ತಾಯಿಗೂ ಒಂದು 'ಗೆ' ಕೊಡಿ.

ಇತಿ,
ಜೆರಾಕ್ಸ್ ಅಂಗಡಿಯ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ