ಅಗಸೆ ಚಟ್ನಿಪುಡಿ ಕುರಿತು ಪೋಷಕರಿಗೆ ಪತ್ರ

ಮಂಡ್ಯ

ಮಾನ್ಯ ಪೋಷಕರಿಗೆ ನಮಸ್ಕಾರ.

ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಕೊಬ್ಬಿನಾಮ್ಲಗಳು ಎರಡು: ಒಮೆಗಾ-6 ಗುಂಪಿನ ಲಿನೋಲೆಯಿಕ್ ಆಮ್ಲ, ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ಮೊದಲನೆಯದಕ್ಕೆ ನಮ್ಮ ಮನೆಗಳಲ್ಲಿ ಬರವಿಲ್ಲ. ಸೂರ್ಯಕಾಂತಿ ಎಣ್ಣೆ, ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ಎಲ್ಲದರಲ್ಲೂ ಇದೆ. ಎರಡನೆಯದು ಇವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹುಚ್ಚೆಳ್ಳು ಪುಡಿ ಹಾಕ್ತೀವಲ್ಲ ಮೇಷ್ಟ್ರೇ ಎನ್ನುವವರಿದ್ದೀರಿ. ರುಚಿಗೆ ಅದು ಸಾಕು, ಒಮೆಗಾ-3ಕ್ಕೆ ಸಾಲದು.

4ರಿಂದ 8 ವರ್ಷದ ಮಗುವಿಗೆ ದಿನಕ್ಕೆ ಸುಮಾರು 0.9 ಗ್ರಾಂ, 9ರಿಂದ 13ರ ಹುಡುಗಿಯರಿಗೆ 1, ಹುಡುಗರಿಗೆ 1.2 ಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲ ಬೇಕು. ಅಗ್ಗದ ದಾರಿ ಅಗಸೆ ಬೀಜ.

100 ಗ್ರಾಂ ಅಗಸೆಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿಯಿರಿ. ಚಿಟಪಟ ಸದ್ದು ಜೋರಾಗಿ, ಘಮ ಬಂದ ಕೂಡಲೇ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಸೀದು ಕಹಿಯಾಗುತ್ತದೆ. 50 ಗ್ರಾಂ ಹುರಿಗಡಲೆ, ಎಂಟು ಬ್ಯಾಡಗಿ ಮೆಣಸಿನಕಾಯಿ, ಗರಿಗರಿಯಾದ ಕರಿಬೇವು, ನೆಲ್ಲಿಕಾಯಿ ಗಾತ್ರದ ಒಣ ಹುಣಸೆ, ಉಪ್ಪು ಸೇರಿಸಿ, ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತದೆ. ಬೀಜ ಇಡಿಯಾಗಿ ಉಳಿಯಲೂಬಾರದು: ಅದರ ಸಿಪ್ಪೆ ಗಟ್ಟಿ, ಅಗಿಯದೆ ನುಂಗಿದ್ದು ಹಾಗೇ ಹೊರಗೆ ಹೋಗುತ್ತದೆ.

ಈ ಪುಡಿ 10 ಗ್ರಾಂ, ಅಂದರೆ ತಲೆತುಂಬ ಎರಡು ಟೀ ಚಮಚ ತಿಂದರೆ ಆಲ್ಫಾ ಲಿನೋಲೆನಿಕ್ ಆಮ್ಲ ಒಂದು ಗ್ರಾಂಗಿಂತ ತುಸು ಹೆಚ್ಚೇ ಸಿಗುತ್ತದೆ. ಬಿಸಿ ಅನ್ನಕ್ಕೆ ತುಪ್ಪದ ಜೊತೆ, ಇಡ್ಲಿ ದೋಸೆಗೆ ನೆಂಚಿಕೊಳ್ಳಲು ಕೊಡಿ. ಮೊದಲ ವಾರ ಅರ್ಧ ಚಮಚ ಸಾಕು. ನಾರು ಜಾಸ್ತಿ, ಒಮ್ಮೆಲೇ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ. ನೀರು ಚೆನ್ನಾಗಿ ಕುಡಿಸಿ. ಹತ್ತು ದಿನಕ್ಕಾಗುವಷ್ಟು ಮಾತ್ರ ಪುಡಿ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಫ್ರಿಜ್ ಇದ್ದರೆ ಅದರಲ್ಲೇ ಇಡಿ. ಈ ಕೊಬ್ಬು ಗಾಳಿಗೆ ಬೇಗ ಕೆಡುತ್ತದೆ. ಪೇಂಟಿನಂಥ ವಾಸನೆ ಬಂದರೆ ಚೆಲ್ಲಿಬಿಡಿ. ಅದು ಪೇಂಟಿನ ವಾಸನೆಯೇ. ಬಣ್ಣಕ್ಕೆ ಬೆರೆಸುವುದೂ ಇದೇ ಅಗಸೆ ಎಣ್ಣೆ.

ಶಾಲೆಯಲ್ಲಿ ಮೊಟ್ಟೆ ಕೊಟ್ಟ ದಿನ ಬಿಳಿ ತಿಂದು ಹಳದಿಯನ್ನು ತಟ್ಟೆಯಂಚಿಗೆ ತಳ್ಳುವ ಮಕ್ಕಳು ಬಹಳ. ಕೊಬ್ಬೆಲ್ಲ ಇರುವುದು ಹಳದಿಯಲ್ಲಿ, ಮಿದುಳಿಗೂ ಕಣ್ಣಿಗೂ ಬೇಕಾದ, ಒಮೆಗಾ-3 ಗುಂಪಿನದೇ ಇನ್ನೊಂದು ಕೊಬ್ಬಿನಾಮ್ಲವಾದ ಡಿಎಚ್‌ಎ ಒಂದಿಷ್ಟು ಇರುವುದೂ ಅಲ್ಲೇ. ಮನೆಯಲ್ಲಿ ಒಂದು ಮಾತು ಹೇಳಿ. ಮೀನು ತಿನ್ನುವವರು ವಾರಕ್ಕೆರಡು ಸಲ ಭೂತಾಯಿ ಅಥವಾ ಬಂಗುಡೆ ತನ್ನಿ, ಕರಿಯುವ ಬದಲು ಸಾರು ಮಾಡಿ. ಅಗಸೆಯಿಂದ ದೇಹ ಡಿಎಚ್‌ಎ ಮಾಡಿಕೊಳ್ಳುವುದು ಅತ್ಯಲ್ಪ. ಈ ಮೀನುಗಳಲ್ಲಿ ಅದು ನೇರವಾಗಿಯೇ ಸಿಗುತ್ತದೆ. ಗದ್ದೆ ಬದುವಿನ ಗೋಣಿ ಸೊಪ್ಪಿನಲ್ಲೂ ಒಮೆಗಾ-3 ಇದೆ, ಮಸ್ಸೊಪ್ಪಿಗೆ ಹಾಕಿ. ಔಷಧಿ ಹೊಡೆದ ಬದುವಿನದು ಬೇಡ.

ಬೋಂಡ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕಾದಷ್ಟೂ ಈ ಒಮೆಗಾ ಕೊಬ್ಬಿನಾಮ್ಲಗಳೇ ಮೊದಲು ಒಡೆಯುವುದು. ಬಣ್ಣ ಕಪ್ಪಾಗಿ, ನೊರೆ ನಿಂತರೆ ಆ ಎಣ್ಣೆ ಮುಗಿಯಿತು.

ಎಳ್ಳು, ಕಡಲೆಕಾಯಿ, ಮೊಟ್ಟೆ ಅಥವಾ ಮೀನು ತಿಂದಾಗ ಮಗುವಿಗೆ ದದ್ದು, ಉಬ್ಬಸ ಬರುವುದಿದ್ದರೆ ಹೊಸ ಪುಡಿ ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ. ತರಗತಿ ಶಿಕ್ಷಕರಿಗೂ ಒಂದು ಚೀಟಿ ಬರೆದು ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು