ಪುಟ್ಟನ ಮಾತಿಗೆ ಕಾಯುವುದು

ಸಿಡ್ನಿ, ಭಾನುವಾರ

ಪ್ರೀತಿಯ ತಮ್ಮನಿಗೆ,

ಪುಟ್ಟನ ಮಾತು ಯಾಕೆ ತಡೆಯುತ್ತಿದೆ ಅಂತ ಕೇಳಿ ನೀನು ಕಳಿಸಿದ ಮೂರೂ ವಿಡಿಯೊ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸವಿತಾ ಓದಲಿ, ಅಮ್ಮನಿಗೂ ಓದಿ ಹೇಳು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಮಾಡಿದರೆ ಮಗುವಿಗೆ ಏನೂ ಉಪಯೋಗವಿಲ್ಲ.

ಅಮ್ಮ ಇದನ್ನು ತೊದಲು ಅನ್ನುತ್ತಿದ್ದಾಳೆ. ತೊದಲು ಬೇರೆ, ಉಗ್ಗು ಬೇರೆ. ರೈಲನ್ನು ‘ಲೈಲು’ ಅನ್ನುವುದು ತೊದಲು. ‘ನಂಗೆ... ನಂಗೆ ಬಾಲು ಬೇಕು’ ಅಂತ ಇಡೀ ಪದವನ್ನು ಎರಡು ಸಲ ಹೇಳುವುದೂ ಈ ವಯಸ್ಸಿನ ಎಲ್ಲ ಮಕ್ಕಳಲ್ಲಿ ಇದ್ದದ್ದೇ, ಮುಂದಿನ ಪದ ಹುಡುಕುತ್ತಿರುತ್ತಾರೆ ಅಷ್ಟೆ. ಎರಡನೇ ವಿಡಿಯೊದಲ್ಲಿ ಪುಟ್ಟ ಮಾಡುತ್ತಿರುವುದು ಅದಲ್ಲ. ‘ಅ-ಅ-ಅ-ಅಜ್ಜಿ’ ಅನ್ನುವಾಗ ಪದದ ಮೊದಲ ಅಕ್ಷರವೇ ಒಡೆದು ಮತ್ತೆ ಮತ್ತೆ ಬರುತ್ತದೆ. ಆಮೇಲೆ ‘ಮ್ಮ್ಮ್ಮರ’ ಅಂತ ಎಳೆಯುತ್ತಾನೆ. ‘ಕಾಗೆ’ ಅನ್ನಬೇಕಾದ ಜಾಗವನ್ನು ಇನ್ನೊಂದು ಸಲ ನೋಡು. ಬಾಯಿ ತೆರೆದಿದೆ, ಸದ್ದಿಲ್ಲ. ಕಣ್ಣು ಬಿಗಿಯಾಗಿ ಮುಚ್ಚುತ್ತಾನೆ, ಬಲಗಾಲಿನಿಂದ ಜಗಲಿಯನ್ನು ಒದೆಯುತ್ತಾನೆ, ಆಗ ಪದ ಒಮ್ಮೆಗೇ ಹೊರಗೆ ಬರುತ್ತದೆ. ಪುನರಾವರ್ತನೆ, ಎಳೆತ, ತಡೆ, ಈ ಮೂರೂ ಉಗ್ಗಿನ ಗುರುತುಗಳೇ. 100 ಅಕ್ಷರಕ್ಕೆ ಇಂಥವು 3 ಅಥವಾ ಹೆಚ್ಚು ಇದ್ದರೆ ನಾವು ಗಮನಿಸಲೇಬೇಕು. ‘ಅ’ ಎಷ್ಟು ಸಲ ಬಂದರೂ ಅಜ್ಜಿ ಎರಡೇ ಅಕ್ಷರ, ಉಗ್ಗು ಒಂದೇ. ಹಾಗೆ ಎಣಿಸಿದರೆ ಆ ವಿಡಿಯೊದಲ್ಲಿ ನನಗೆ 100ಕ್ಕೆ 7 ಸಿಕ್ಕವು.

ಸವಿತಾ, ಇದು ನಿನಗೆ. ನೀನು ಬೈದಿದ್ದಕ್ಕೆ ಬಂತು, ಹಾಲು ಬಿಡಿಸಿದ್ದಕ್ಕೆ ಬಂತು, ನಾಯಿಗೆ ಹೆದರಿದ್ದಕ್ಕೆ ಬಂತು ಅಂತ ಕೊರಗಬೇಡ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಎಂಬ ಪ್ರಾಧ್ಯಾಪಕರು ಕಳೆದ ಶತಮಾನದ ನಡುವಿನಲ್ಲಿ ಇದಕ್ಕೆಲ್ಲ ತಂದೆತಾಯಿಯ ಅತಿ ಕಾಳಜಿಯೇ ಕಾರಣ ಅಂದಿದ್ದರು. ಆ ಮಾತನ್ನು ನಂಬಿ ಎಷ್ಟೋ ತಾಯಂದಿರು ಸುಮ್ಮನೆ ನೊಂದರು. ಅದು ತಪ್ಪು ಅಂತ ಈಗ ಗೊತ್ತಾಗಿದೆ. ಮಾತಿನ ಸ್ನಾಯುಗಳಿಗೆ ಮಿದುಳು ಹೊತ್ತು ಹೊತ್ತಿಗೆ ಕಳಿಸಬೇಕಾದ ಅಪ್ಪಣೆಯಲ್ಲಿ ಬರುವ ವ್ಯತ್ಯಾಸ ಇದು, ಬಹುಪಾಲು ವಂಶದಲ್ಲಿ ಹರಿದು ಬರುವಂಥದ್ದು. ಸಂಬಂಧಪಟ್ಟ ಕೆಲವು ಜೀನುಗಳನ್ನು 2010ರಲ್ಲೇ ಗುರುತಿಸಿದ್ದಾರೆ. ನಮ್ಮ ದೊಡ್ಡಪ್ಪ ಕೊನೆಯವರೆಗೂ ಉಗ್ಗುತ್ತಿದ್ದರಲ್ಲ. ಗದರಿದರೆ, ದಣಿದರೆ, ಮನೆ ತುಂಬ ನೆಂಟರಿದ್ದರೆ ಆ ದಿನ ಹೆಚ್ಚಾಗಬಹುದು, ಆದರೆ ಉಗ್ಗು ಹುಟ್ಟಲು ಅದು ಕಾರಣವಲ್ಲ.

ಅಮ್ಮ ಬಜೆ ತೇಯ್ದು ನಾಲಿಗೆಗೆ ಹಚ್ಚುವ ಮಾತಾಡಿದಳಂತೆ. ಬೇಡಮ್ಮ. ಮೂರನೇ ವಿಡಿಯೊದಲ್ಲಿ ಅವನು ನಿನ್ನ ಜೊತೆ ಪದ್ಯ ಹೇಳುವಾಗ ಒಂದು ಕಡೆಯೂ ನಿಲ್ಲಲಿಲ್ಲ. ನಾಲಿಗೆ ಅದೇ ತಾನೆ? ಹಾಡುವಾಗ, ಇನ್ನೊಬ್ಬರ ಜೊತೆ ಒಟ್ಟಿಗೆ ಹೇಳುವಾಗ ಉಗ್ಗು ಬಹುತೇಕ ಮಾಯವಾಗುತ್ತದೆ. ದೋಷ ನಾಲಿಗೆಯಲ್ಲಿಲ್ಲ. ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದರೆ ಸರಿಹೋಗುತ್ತದೆ ಅಂದವರ ಮಾತನ್ನೂ ಕೇಳಬೇಡಿ. ಬಾಯಲ್ಲಿ ಗೋಲಿ ಇಟ್ಟು ಮಾತಾಡಿಸುವುದಂತೂ ಅಪಾಯ, ಗಂಟಲಿಗೆ ಸಿಕ್ಕಿದರೆ ಉಸಿರೇ ನಿಲ್ಲುತ್ತದೆ. ಇಂಗ್ಲಿಷ್ ಪ್ಲೇಸ್ಕೂಲಿನಿಂದ ಹೀಗಾಯಿತು ಅನ್ನುವುದೂ ಸುಳ್ಳು. ಎರಡು ಭಾಷೆ ಉಗ್ಗು ತರುವುದಿಲ್ಲ. ಯಾವುದನ್ನೂ ಬಿಡಿಸಬೇಡಿ.

ಈಗ ಮನೆಯಲ್ಲಿ ಮಾಡಬೇಕಾದ್ದು. ಅವನ ಮಾತನ್ನು ತಿದ್ದಬೇಡಿ, ಅವನ ಸುತ್ತಲಿನ ಮಾತಿನ ಓಟವನ್ನು ತಿದ್ದಿ. ‘ನಿಧಾನ’, ‘ಉಸಿರು ತಗೊಂಡು ಹೇಳು’, ‘ಮೊದಲಿಂದ ಹೇಳು’, ಈ ಮೂರನ್ನೂ ಇವತ್ತಿಗೇ ನಿಲ್ಲಿಸಿ. ಪ್ರೀತಿಯಿಂದಲೇ ಹೇಳುತ್ತೀರಿ, ನಿಜ. ಆದರೆ ಮಗುವಿಗೆ ಕೇಳಿಸುವುದು ‘ನೀನು ತಪ್ಪು ಮಾಡುತ್ತಿದ್ದೀಯ’ ಅಂತ. ಆಗ ಇನ್ನೂ ಬಿಗಿಹಿಡಿದು ತಳ್ಳುತ್ತಾನೆ, ತಡೆ ಇನ್ನೂ ಉದ್ದವಾಗುತ್ತದೆ. ಪದ ಅವನ ಬಾಯಲ್ಲಿರುವಾಗ ನೀವು ಪೂರ್ತಿ ಮಾಡಬೇಡಿ. ಅಮ್ಮ ‘ಕಾಗೇನಾ? ಕಾಗೇನಾ?’ ಅಂದಾಗ ಅವನು ಮುಖ ತಿರುಗಿಸಿದ್ದು ವಿಡಿಯೊದಲ್ಲೇ ಇದೆ.

ಅದರ ಬದಲು, ಕೈಯಲ್ಲಿರುವ ಕೆಲಸ ಬಿಟ್ಟು ಅವನ ಎತ್ತರಕ್ಕೆ ಕೂತುಕೊಳ್ಳಿ. ತುಟಿ ನೋಡಬೇಡಿ, ಕಣ್ಣು ನೋಡಿ. ಮುಗಿಸಿದ ಮೇಲೆ ಮನಸ್ಸಿನಲ್ಲೇ ‘ಒಂದು’ ಎಂದು ಎಣಿಸಿ ಉತ್ತರ ಕೊಡಿ. ಹೇಗೆ ಹೇಳಿದ ಅನ್ನುವುದಕ್ಕಲ್ಲ, ಏನು ಹೇಳಿದ ಅನ್ನುವುದಕ್ಕೆ. ‘ಓ, ಕಾಗೆ ಬಂದಿತ್ತು.’ ಸ್ವಲ್ಪ ನಿಲ್ಲಿಸಿ, ‘ರೊಟ್ಟಿ ಚೂರು ಎತ್ಕೊಂಡು ಹೋಯ್ತು.’ ಇಷ್ಟೇ. ನಿಧಾನ ಮಾತಾಡಿ ಅಂದರೆ ಬಹಳ ಜನ ಒಂದೊಂದು ಅಕ್ಷರವನ್ನೂ ರಬ್ಬರಿನಂತೆ ಎಳೆಯುತ್ತಾರೆ, ಮಗುವಿಗೆ ಅದು ವಿಚಿತ್ರ ಅನ್ನಿಸುತ್ತದೆ. ಎಳೆಯಬೇಡಿ. ವಾಕ್ಯಗಳನ್ನು ಚಿಕ್ಕದು ಮಾಡಿ, ನಡುವೆ ಬಿಡುವು ಕೊಡಿ.

ತಮ್ಮ, ನೀನು ಸಂಜೆ ಬಂದ ತಕ್ಷಣ ‘ಏನು ತಿಂದೆ? ಯಾರು ಹೊಡೆದ್ರು? ಮಿಸ್ ಏನು ಹೇಳಿಕೊಟ್ರು?’ ಅಂತ ಒಂದರ ಹಿಂದೆ ಒಂದು ಕೇಳುತ್ತೀಯ. ಒಂದು ಪ್ರಶ್ನೆ ಕೇಳಿ ಸುಮ್ಮನಿರು. ಇಲ್ಲವೇ ನೀನೇ ಏನಾದರೂ ಹೇಳು, ‘ಇವತ್ತು ಬಸ್ಸಲ್ಲಿ ಒಂದು ಕುರಿಮರಿ ಇತ್ತು’ ಅಂತ. ಅವನಿಗೆ ಮನಸ್ಸಿದ್ದರೆ ಮಾತು ಸೇರಿಸುತ್ತಾನೆ. ಊಟಕ್ಕೆ ಕೂತಾಗ ಪುಟ್ಟನ ಅಕ್ಕ ಅವನ ಮಾತಿನ ನಡುವೆ ಬಾಯಿ ಹಾಕುತ್ತಾಳಲ್ಲ, ಅವಳಿಗೂ ಅವನಿಗೂ ಸರದಿ ಇಟ್ಟುಬಿಡಿ. ನೆಂಟರ ಮುಂದೆ ‘ಮಾಮನಿಗೆ ಪದ್ಯ ಹೇಳು’ ಬೇಡವೇ ಬೇಡ.

ವಾರಕ್ಕೆ 3ರಿಂದ 5 ದಿನ, ದಿನಕ್ಕೆ 5 ನಿಮಿಷ, ಒಬ್ಬರೇ ದೊಡ್ಡವರು ಅವನ ಜೊತೆ ಆಟಕ್ಕೆ ಕೂರಬೇಕು. ಲಂಡನ್ನಿನಲ್ಲಿ ಉಗ್ಗಿಗೆಂದೇ ಇರುವ ಮೈಕೆಲ್ ಪೇಲಿನ್ ಕೇಂದ್ರದ ಚಿಕಿತ್ಸೆ ಶುರುವಾಗುವುದೇ ಇಂಥ 5 ನಿಮಿಷಗಳಿಂದ. ಟಿವಿ ಬಂದ್, ಫೋನು ಬೇರೆ ಕೋಣೆಯಲ್ಲಿ. ಆಟ ಅವನು ಆರಿಸಬೇಕು, ನೀವು ಹಿಂದೆ ಹೋಗಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಎರಡನೇ ನಿಮಿಷಕ್ಕೇ ‘ಇದ್ಯಾವ ಬಣ್ಣ? ಇದೆಷ್ಟು?’ ಅಂತ ಪಾಠ ಶುರು ಮಾಡುತ್ತಾರೆ. 5 ನಿಮಿಷ ಮುಗಿದ ಮೇಲೆ ನಿಲ್ಲಿಸಿದರೂ ಪರವಾಗಿಲ್ಲ. ಅರ್ಧ ಗಂಟೆ ಎಂದು ಹೊರಟು ಮೂರು ದಿನಕ್ಕೆ ಬಿಡುವುದಕ್ಕಿಂತ ಇದು ಒಳ್ಳೆಯದು.

ತಡೆ ತುಂಬ ಜೋರಾಗಿ, ಅವನೇ ‘ಬರ್ತಿಲ್ಲ’ ಅಂದು ಅತ್ತರೆ ಏನೂ ಆಗದಂತೆ ನಟಿಸಬೇಡಿ. ‘ಆ ಮಾತು ಸ್ವಲ್ಪ ಸಿಕ್ಕಿಹಾಕ್ಕೊಂತು, ಅಲ್ವಾ? ಪರವಾಗಿಲ್ಲ, ನಾನು ಕೇಳ್ತಾ ಇದೀನಿ’ ಅನ್ನಿ. ಹೆಸರಿಟ್ಟರೆ ಹೆಚ್ಚಾಗುತ್ತದೆ ಅನ್ನುವ ಭಯ ಬೇಡ. ‘ಉಗ್ಗ’ ಅಂತ ಅಡ್ಡಹೆಸರಿಟ್ಟು ಯಾರೂ ಕರೆಯಕೂಡದು, ತಮಾಷೆಗೂ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ದಿನಾ ರಾತ್ರಿ ಒಂದು ಅಂಕಿ ಬರೆಯಿರಿ. ಉಗ್ಗು ಇಲ್ಲವೇ ಇಲ್ಲದಿದ್ದರೆ 0, ಊಹಿಸಬಹುದಾದಷ್ಟು ಕೆಟ್ಟದಾಗಿದ್ದರೆ 9. ನೀನು, ಸವಿತಾ ಬೇರೆ ಬೇರೆ ಹಾಕಿ. ಇದು ಏರಿಳಿಯುವ ತೊಂದರೆ, ಎರಡು ವಾರ ಸರಾಗವಾಗಿದ್ದು ಮತ್ತೆ ಬರುತ್ತದೆ. ಅಂಕಿ ಇಲ್ಲದಿದ್ದರೆ ಒಳ್ಳೆಯ ವಾರದಲ್ಲಿ ವಾಸಿಯಾಯಿತು ಅಂತ ಕೈಬಿಡುತ್ತೀರಿ.

ಹಾಗಾದರೆ ಕಾಯಬಹುದೇ? 100 ಮಕ್ಕಳಲ್ಲಿ 5ರಿಂದ 8 ಮಕ್ಕಳಿಗೆ, ಹೆಚ್ಚಾಗಿ 2ರಿಂದ 4 ವರ್ಷದೊಳಗೆ, ಇದು ಕಾಣಿಸಿಕೊಳ್ಳುತ್ತದೆ. ನಾಲ್ವರಲ್ಲಿ ಮೂವರು ಅದರಿಂದ ಹೊರಬರುತ್ತಾರೆ. ತಾನಾಗಿಯೇ ಹೋಗುತ್ತದೆ ಅನ್ನುವ ಅಮ್ಮನ ಭರವಸೆ ಸುಳ್ಳಲ್ಲ. ಆದರೆ ಆ ನಾಲ್ಕನೆಯವನು ಯಾರು ಅಂತ ಮೊದಲೇ ಹೇಳಲಾಗುವುದಿಲ್ಲ. ಪುಟ್ಟ ಗಂಡುಮಗು, ವಂಶದಲ್ಲಿ ಉಗ್ಗು ಇದೆ, ಮಾತಿನ ಜೊತೆ ಮೈಯ ಬಿಗಿತವೂ ಶುರುವಾಗಿದೆ. ಅದಕ್ಕೇ ಉಗ್ಗು ಶುರುವಾಗಿ ಮೂರು ತಿಂಗಳಾಗಿರುವ ಈಗಲೇ ಮಾತಿನ ತಜ್ಞರಿಗೆ ತೋರಿಸಿ ಅನ್ನುತ್ತೇನೆ. ತೋರಿಸಿದರೆ ಚಿಕಿತ್ಸೆ ಅಂದೇ ಶುರು ಅಂತಲ್ಲ, ಅವರೂ ಕೆಲವು ತಿಂಗಳು ಗಮನಿಸೋಣ ಅನ್ನಬಹುದು.

ಅರಸೀಕೆರೆಯಿಂದ ಮೈಸೂರಿಗೆ ರೈಲಿದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಜಾಗ, ಅಲ್ಲಿ ಕನ್ನಡದಲ್ಲೇ ಮಾತಾಡಿಸಿ ಪರೀಕ್ಷಿಸುತ್ತಾರೆ. ಹತ್ತಿರದಲ್ಲಿ ಖಾಸಗಿಯವರ ಬಳಿ ಹೋಗುವುದಾದರೆ ವಾಕ್ ಶ್ರವಣ ಚಿಕಿತ್ಸೆಯ ಬಿಎಎಸ್‌ಎಲ್‌ಪಿ ಪದವಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಕೇಳು. ವಿಡಿಯೊ, ಕ್ಯಾಲೆಂಡರ್ ಹಾಳೆ ಎರಡನ್ನೂ ಒಯ್ಯಿ. ಹೊಸ ಜಾಗದಲ್ಲಿ ಮಗು ಒಂದು ಸಲವೂ ಉಗ್ಗದೆ ಮಾತಾಡಿಬಿಡಬಹುದು. ಇಲ್ಲಿ ಸಿಡ್ನಿಯಲ್ಲಿ ರೂಪುಗೊಂಡ ಲಿಡ್‌ಕಮ್ ಎಂಬ ಕ್ರಮದ ಬಗ್ಗೆಯೂ ವಿಚಾರಿಸು. ಅದರಲ್ಲಿ ಸರಾಗವಾಗಿ ಬಂದ ಮಾತನ್ನು ತಂದೆತಾಯಿಯೇ ಮೆಚ್ಚಿ ಹೇಳುತ್ತಾರೆ, ದಿನಕ್ಕೆ 10ರಿಂದ 15 ನಿಮಿಷ. ಆದರೆ ಯಾವಾಗ, ಎಷ್ಟು ಸಲ, ಯಾವ ಮಾತಿಗೆ ಅನ್ನುವುದನ್ನು ತರಬೇತಾದವರು ವಾರವಾರ ನೋಡಿ ಹೇಳಬೇಕು. ಇಂಟರ್ನೆಟ್ ನೋಡಿ ನೀವೇ ಶುರು ಮಾಡಿದರೆ ಅದೂ ‘ತಿದ್ದುವುದೇ’ ಆಗಿಬಿಡುತ್ತದೆ.

ಮುಂದಿನ ಭಾನುವಾರ ಕ್ಯಾಲೆಂಡರಿನ ಫೋಟೊ ಕಳಿಸು. ಕಾಲ್ ಮಾಡಿದಾಗ ‘ಅತ್ತೆ ಜೊತೆ ಮಾತಾಡು’ ಅಂತ ಫೋನನ್ನು ಪುಟ್ಟನ ಬಾಯಿಗೆ ಹಿಡಿಯಬೇಡ. ಪಕ್ಕದಲ್ಲಿ ಆಡಿಕೊಂಡಿರಲಿ. ಕಾಗೆಯ ಕತೆ ಹೇಳಬೇಕು ಅನ್ನಿಸಿದರೆ ಅವನೇ ಬರುತ್ತಾನೆ, ಅಲ್ಲಿಯವರೆಗೆ ನಾನು ಲೈನಿನಲ್ಲೇ ಇರುತ್ತೇನೆ.

ಇತಿ,
ನಿನ್ನ ಅಕ್ಕ