ಗೆರೆ ಯಾವ ಕಡೆ ಹೊರಟಿದೆ?

ಮಾನ್ಯರೇ,

ಮಗುವಿನ ತಿಂಗಳ ತೂಕವನ್ನು ಚುಕ್ಕೆಯಾಗಿ ಗುರುತಿಸಿ, ಚುಕ್ಕೆಗಳನ್ನು ಗೆರೆಯಿಂದ ಕೂಡಿಸುವ ನಮ್ಮ ಅಂಗನವಾಡಿಗಳ ಬೆಳವಣಿಗೆ ಪಟ್ಟಿಯ ಬೇರು ನೈಜೀರಿಯಾದ ಇಮೆಸಿ-ಇಲೆ ಎಂಬ ಹಳ್ಳಿಯಲ್ಲಿದೆ. 1950ರ ದಶಕದಲ್ಲಿ ಅಲ್ಲಿ ದುಡಿದ ಬ್ರಿಟಿಷ್ ಮಕ್ಕಳ ವೈದ್ಯ ಡಾ. ಡೇವಿಡ್ ಮಾರ್ಲಿ (1923–2009) ಆ ಪಟ್ಟಿಯನ್ನು ಆಸ್ಪತ್ರೆಯ ಕಪಾಟಿಗೆ ಸೇರಿಸದೆ ತಾಯಂದಿರ ಕೈಗೇ ಕೊಟ್ಟರು. ಚುಕ್ಕೆ ಎಲ್ಲಿದೆ ಎನ್ನುವುದಕ್ಕಿಂತ ಗೆರೆ ಯಾವ ಕಡೆ ಹೊರಟಿದೆ ಎಂಬುದು ಮುಖ್ಯ ಎಂದು ಕಲಿಸಿದರು. ಮಗು ಸರಿಯಾದ ತೂಕ ತೋರಿಸುವ ಹಸಿರು ಪಟ್ಟೆಯಲ್ಲೇ ಇದ್ದರೂ ಎರಡು ತಿಂಗಳು ಗೆರೆ ಮೇಲೇರದಿದ್ದರೆ ಊಟ, ಭೇದಿ, ಜ್ವರ ವಿಚಾರಿಸಲೇಬೇಕು. ನಾವು ಎಡವುವುದೂ ಇಲ್ಲೇ: ತೂಕ ರಿಜಿಸ್ಟರ್‌ಗೆ ಏರುತ್ತದೆ, ಚುಕ್ಕೆಗಳು ಕೂಡುವುದಿಲ್ಲ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡದೆ, ಸ್ವೆಟರ್ ಸಮೇತ ತೂಗುವುದೂ ಉಂಟು.

ಮಾರ್ಲಿ ಲಂಡನ್ನಿನಲ್ಲಿ ‘ಟಾಲ್ಕ್’ (ಟೀಚಿಂಗ್ ಏಡ್ಸ್ ಅಟ್ ಲೋ ಕಾಸ್ಟ್) ಸಂಸ್ಥೆ ಕಟ್ಟಿ, ಬಡ ದೇಶಗಳ ವೈದ್ಯ, ನರ್ಸ್ ವಿದ್ಯಾರ್ಥಿಗಳಿಗೆ ಸ್ಲೈಡು, ಪುಸ್ತಕಗಳನ್ನು ಅಗ್ಗದಲ್ಲಿ ತಲುಪಿಸಿದರು. ಅವರ ಇನ್ನೊಂದು ಸಾಧನ ಎರಡು ತುದಿಯ ಪ್ಲಾಸ್ಟಿಕ್ ಚಮಚ: ದೊಡ್ಡ ಗುಳಿ ಸಕ್ಕರೆಗೆ, ಚಿಕ್ಕದು ಉಪ್ಪಿಗೆ. ಅದರ ಅಗತ್ಯವೇನೆಂದರೆ, ಭೇದಿಯಾದ ಮಗುವಿಗೆ ಓಆರ್‌ಎಸ್ ಪೊಟ್ಟಣ ಸಿಗದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಬೇಕು. ಎರಡೂ ಸವರಿ ಮಟ್ಟ ಮಾಡಿದ ಅಳತೆ. ರಾಶಿ ತುಂಬಿದರೆ ಲೆಕ್ಕ ಕೆಡುತ್ತದೆ. ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚುತ್ತದೆ. ಉಪ್ಪು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಬೇಕು.

ಮೆಡಿಕಲ್ ವಿದ್ಯಾರ್ಥಿಗಳ ಗ್ರಾಮೀಣ ಪೋಸ್ಟಿಂಗ್‌ನಲ್ಲಿ ಮೊದಲ ದಿನವೇ ಬೆಳವಣಿಗೆ ಪಟ್ಟಿಯಿರುವ ಹತ್ತು ತಾಯಿ ಕಾರ್ಡ್ ಬಿಡಿಸಿ, ಪೆನ್ಸಿಲ್ ಹಿಡಿದು ಚುಕ್ಕೆ ಕೂಡಿಸಲು ಹಚ್ಚಲಿ.

— ಮಕ್ಕಳ ವೈದ್ಯರ ಬಳಗ, ಧಾರವಾಡ